ಏನೂ ತರಬ್ಯಾಡ್ರಿ ಅಂದ ವರ್ಷದ ಬಜ್ಜಿ

ಹೊಲ ಕೊಳ್ಳುವವರಿಗೆ ನನ್ನದೊಂದು ಮಾತು. ಬಿಸಿಲಲ್ಲಿ ಹೋಗಿ ನೋಡಬೇಡಿ. ಬಿಸಿಲಲ್ಲಿ ಎಲ್ಲ ಎರೆಮಣ್ಣೂ ಒಂದೇ ಥರ ಬಿರಿದು ಬಡವಾಗಿ ಕಾಣುತ್ತದೆ. ಜೋರು ಮಳೆಯಾದ ಮರುದಿನ ಹೋಗಿ. ನೀರು ಎಲ್ಲಿ ನಿಂತಿದೆ, ಒಡ್ಡು ಎಲ್ಲಿ ಕುಸಿದಿದೆ, ಯಾರ ಹೊಲದ ಮಣ್ಣು ಯಾರ ಹೊಲಕ್ಕೆ ಬಂದು ಕೂತಿದೆ, ಎಲ್ಲ ಕಣ್ಣಿಗೆ ಬೀಳುತ್ತದೆ. ಮಾರುವವನು ಹೇಳದ್ದನ್ನು ಕೆಸರು ಹೇಳುತ್ತದೆ. ಕಾಗಿಣಾ ನದಿ ದಂಡೆಯ ನನ್ನ ಹೊಲವನ್ನು ನಾನು ಹಾಗೆ ನೋಡಿಯೇ ತೆಗೆದುಕೊಂಡದ್ದು. ಆದರೂ ಒಂದನ್ನು ನೋಡುವುದು ಬಿಟ್ಟಿದ್ದೆ. ಅದು ಆಮೇಲೆ.

ಆ ಹೊಲ ನನಗೆ ಬೇಕಾದದ್ದು ಬೆಳೆಗಾಗಿ ಅಲ್ಲ. ಚಿತ್ತಾಪುರ ಪೇಟೆಯಲ್ಲಿ ನನ್ನದು ಕಾಯಿಪಲ್ಯೆಯ ದೊಡ್ಡ ಅಂಗಡಿ. ಸೇಡಂ ಕಡೆಯ ಟೆಂಪೋ, ಶಹಾಬಾದ ಕಡೆಯ ಆಟೋ, ಎರಡೂ ಮುಂಜಾನೆ ಮೊದಲು ನನ್ನ ಬಾಗಿಲಿಗೇ ಬರುತ್ತವೆ. ಹೊಲ ಬೇಕಾದದ್ದು ನನ್ನ ನೆಗೆಣಿಗಾಗಿ. ನೆಗೆಣಿ ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಅವಳ ಹತ್ತಿರ ಇದ್ದದ್ದು ನನ್ನ ಹತ್ತಿರ ಇರಲಿಲ್ಲ, ಅಷ್ಟೇ.

ಅಣ್ಣತಮ್ಮಂದಿರ ಪಾಲಾದಾಗ ನದಿ ದಂಡೆಯ ಎರೆಹೊಲ ಅವರಿಗೆ ಹೋಯಿತು, ರಾವೂರ ಕಡೆಯ ಗಟ್ಟಿನೆಲ ನಮಗೆ ಬಂತು. ಓಣಿಯೆಲ್ಲ ನಮ್ಮನ್ನು ನೋಡಿ ಚುಚ್ ಅಂದಿತು. ನಾನು ಅನ್ನಲಿಲ್ಲ. ಆ ನೆಲದಲ್ಲಿ ಒಂದು ಗೇಣು ಮಣ್ಣಿನ ಕೆಳಗೆ ಚಪ್ಪಡಿಯಾಗಿ ಏಳುವ ಪರಸಿಕಲ್ಲು ಹಾಸಿಗೆ ಹಾಸಿದ ಹಾಗೆ ಮಲಗಿದೆ ಎನ್ನುವುದು ಬದನೆಕಾಯಿ ಬುಟ್ಟಿ ಹೊತ್ತು ಆ ದಾರಿಯಲ್ಲೇ ಓಡಾಡಿದ್ದ ನನಗೆ ಗೊತ್ತಿತ್ತು. ಕಲ್ಲುಗಣಿಯವರು ಕೇಳಿಕೊಂಡು ಬಂದರು. ನನ್ನ ಗಂಡ ಚಹಾ ತರಲಿಕ್ಕೆ ಹೋದ, ನಾನು ಮಾತಾಡಿದೆ. ಗಂಡ ಚಹಾ ತರುವಷ್ಟರಲ್ಲಿ ವ್ಯವಹಾರ ಮುಗಿದಿತ್ತು. ಪ್ಯಾಸೆಂಜರ್ ಗಾಡಿಯಲ್ಲಿ ಬುಟ್ಟಿ ಹೊತ್ತು ವಾಡಿ, ಶಹಾಬಾದ ಸಂತೆ ತಿರುಗುತ್ತಿದ್ದವಳು ಅಂಗಡಿಯ ಗಾದಿಯ ಮೇಲೆ ಕೂತೆ. ಪಾಲಿನಲ್ಲಿ ಗೆದ್ದವಳು ನಾನೇ ಎಂದು ಓಣಿಯೂ ಒಪ್ಪಿತು.

ಹಾಗಿದ್ದರೆ ಹೊಟ್ಟೆಕಿಚ್ಚು ಯಾಕೆ? ನದಿ ದಂಡೆಯಲ್ಲಿ ಮನೆ ಮಾಡಿದವರಿಗೆ ಮಾತ್ರ ಇದು ತಿಳಿಯುತ್ತದೆ. ನಮ್ಮದು ಕಾಗಿಣಾ ದಡದ ಸಣ್ಣ ಓಣಿ. ಗಂಡಸರಲ್ಲಿ ಕೆಲವರು ಕಲ್ಲುಗಣಿಗೆ, ಕೆಲವರು ವಾಡಿಯ ರೈಲಿನ ಕೆಲಸಕ್ಕೆ, ಕೆಲವರು ಸಿಮೆಂಟ್ ಫ್ಯಾಕ್ಟರಿಗೆ ಹೋಗುವವರು. ಮನೆಗಳ ಮೇಲೂ ಪರಸಿ, ಕೆಳಗೂ ಪರಸಿ. ಬೇಸಿಗೆಯಲ್ಲಿ ರೊಟ್ಟಿ ಹೆಂಚು ಬೇರೆ ಬೇಕಿಲ್ಲ, ಅಂಗಳವೇ ಸಾಕು ಎಂದು ಹೆಂಗಸರು ನಗುತ್ತಾರೆ. ಹೆಚ್ಚಿನವರಿಗೆ ಹೊಲವಿಲ್ಲ. ಹಿತ್ತಿಲಲ್ಲಿ ಎರಡು ಬದನೆಗಿಡ, ಬೇಲಿಗೊಂದು ಅವರೆಬಳ್ಳಿ, ಅಷ್ಟೇ ಅವರ ಬೇಸಾಯ. ಆದರೆ ಎಲ್ಲರಿಗೂ ನದಿ ಬೇಕು, ನದಿಗೆ ಹೋಗುವ ಕಾಲುದಾರಿ ನನ್ನ ನೆಗೆಣಿಯ ಹೊಲದ ಬದುವಿನ ಮೇಲೆ ಹಾಯುತ್ತದೆ. ವರ್ಷದ ಸುಖವೆಲ್ಲ ಅವಳ ಬದು ದಾಟಿಯೇ ಬರಬೇಕು.

ಪಂಚಮಿ ಬಂದರೆ ಜೋಕಾಲಿ ಕಟ್ಟುವುದು ಅವಳ ಹುಣಸೆಮರಕ್ಕೆ. ನನ್ನ ಹಿತ್ತಿಲಲ್ಲೂ ಬೇವಿನ ಗಿಡ ಇದೆ, ಯಾರೂ ಅದರ ಕೊಂಬೆಯ ಕಡೆ ನೋಡುವುದಿಲ್ಲ. ಹೊಳೆ ಇಳಿದು ಉಸುಕು ಕಂಡಾಗ ಕರಬೂಜದ ಬಳ್ಳಿ ಹಬ್ಬುವುದು ಅವಳ ಹೊಲದ ಕೆಳಗಿನ ಉಸುಕಿನಲ್ಲಿ. ಚಿಂಚೋಳಿ ಕಾಡಿನ ಸೀತಾಫಲ ಬುಟ್ಟಿಗಟ್ಟಲೆ ನನ್ನ ಅಂಗಡಿಗೆ ಬರುತ್ತದೆ, ಓಣಿಯ ಮನೆಮನೆಗೂ ಹಂಚುತ್ತೇನೆ. ತಿಂದವರು ಬೀಜ ಉಗುಳುತ್ತ ಹೇಳುವುದು, ನಿಮ್ಮ ಅಕ್ಕನ ಕರಬೂಜ ಈ ಸಲ ಭಾಳ ಸಿಹಿ ಇತ್ತು ಅಂತ. ಓಣಿಗೆಲ್ಲ ನೆಗೆಣಿ ಅಕ್ಕ. ಸೀತನಿಯ ದಿನಗಳಲ್ಲಂತೂ ನನಗೆ ಅಂಗಡಿಯಿಂದ ಮನೆಗೆ ಬರಲಿಕ್ಕೇ ಮನಸ್ಸಾಗುತ್ತಿರಲಿಲ್ಲ. ಎಳೆ ಜೋಳದ ತೆನೆ ಕೆಂಡದಲ್ಲಿ ಸುಟ್ಟು ಉದುರಿಸಿದ ವಾಸನೆ ಬದು ಹತ್ತಿ, ಓಣಿ ಹಿಡಿದು, ನನ್ನ ಅಡುಗೆಮನೆಯ ಕಿಡಕಿಯವರೆಗೆ ಬರುತ್ತಿತ್ತು. ವಾಸನೆಗೆ ಬಾಗಿಲು ಹಾಕಲಿಕ್ಕೆ ಬರುವುದಿಲ್ಲ.

ಎಲ್ಲಕ್ಕಿಂತ ಮಿಗಿಲು ಎಳ್ಳ ಅಮಾವಾಸ್ಯೆಯ ಚರಗ. ಅವತ್ತು ಹೊಲದವರು ಹೊಲಕ್ಕೆ ಹೋಗಿ, ಮರದ ಕೆಳಗೆ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜೆ ಮಾಡಿ, ಅಡುಗೆಯನ್ನು ಹೊಲದ ಸುತ್ತ ಚೆಲ್ಲಿ ಭೂಮಿತಾಯಿಗೆ ಉಣಿಸಿ, ಆಮೇಲೆ ತಾವು ಉಣ್ಣುತ್ತಾರೆ. ಸಜ್ಜೆ ರೊಟ್ಟಿ, ಜೋಳದ ಕಡುಬು, ಶೇಂಗಾ ಹೋಳಿಗೆ ಎಲ್ಲ ಇರುತ್ತವೆ. ಆದರೆ ಅವತ್ತಿನ ರಾಜ ಬಜ್ಜಿ. ತೊಗರಿಕಾಯಿ, ಹಸಿಕಡಲೆ, ಅವರೆ, ಅಲಸಂದಿ, ಬದನೆ, ಮೆಂತ್ಯೆ, ಪುಂಡಿಪಲ್ಯೆ, ಉಳ್ಳಾಗಡ್ಡಿ ತಪ್ಪಲು, ಒಂದಿಷ್ಟು ಬೋರೆಹಣ್ಣು, ಆ ತಿಂಗಳು ನೆಲದ ಮೇಲೆ ಹಸಿರಾಗಿ ಏನೇನಿದೆಯೋ ಅದೆಲ್ಲ ಒಂದೇ ಗಡಿಗೆಯಲ್ಲಿ ಕುದ್ದು ಕೂಡಿ ಆಗುವುದು. ಓಣಿಯವರಿಗೆ ಹೊಲ ಇಲ್ಲದ್ದರಿಂದ ಎಲ್ಲರೂ ನೆಗೆಣಿಯ ಹೊಲಕ್ಕೇ ಹೋಗುತ್ತಿದ್ದರು. ನಾನೂ ಹೋಗುತ್ತಿದ್ದೆ. ಪಾಲಾದ ಮೇಲೆ ಅದೇ ಹೊಲಕ್ಕೆ ನೆಂಟಳಾಗಿ ಹೋಗಿ, ಅವಳು ಗಡಿಗೆಯ ಮುಂದೆ ಸೌಟು ಹಿಡಿದು ಕೂತು, ಬಂದವರಿಗೆಲ್ಲ ‘ಬರ್ರಿ, ಕುಂದ್ರಿ’ ಅನ್ನುವುದನ್ನು ನೋಡುತ್ತ ಉಣ್ಣುತ್ತಿದ್ದೆ. ಬಜ್ಜಿ ಗಂಟಲಲ್ಲಿ ಇಳಿಯುತ್ತಿತ್ತು, ಆ ‘ಬರ್ರಿ, ಕುಂದ್ರಿ’ ಇಳಿಯುತ್ತಿರಲಿಲ್ಲ.

ಅವಳ ಹೊಲಕ್ಕೆ ಹತ್ತಿದ ಕೆಳಗಿನ ಹೊಲದ ಮುದುಕ ಸೇಡಮ್ಮಿನಲ್ಲಿರುವ ಮಗಳ ಮನೆಗೆ ಹೋಗಿ ಇರುವುದೆಂದು ನಿಶ್ಚಯ ಮಾಡಿದಾಗ, ಸುದ್ದಿ ಓಣಿಗೆ ಮುಟ್ಟುವ ಮೊದಲು ನಾನು ಮುದುಕನ ಕಟ್ಟೆಗೆ ಮುಟ್ಟಿದ್ದೆ. ಇನ್ನೊಂದು ಮಾತು ನೆನಪಿಡಿ: ಮುದುಕರ ಹತ್ತಿರ ವ್ಯವಹಾರ ಮಾಡುವಾಗ ಮೊದಲು ಅವರ ಮಂಡಿನೋವಿನ ಮಾತಾಡಬೇಕು, ಹೊಲದ ಮಾತನ್ನು ಅವರೇ ತೆಗೆಯುವವರೆಗೆ ಕಾಯಬೇಕು. ನಾನು ಕಾದೆ. ಹೊಲ ನನ್ನದಾಯಿತು. ನನ್ನ ಗಂಡ, ಅಣ್ಣನ ಹೊಲದ ಪಕ್ಕ ಆಯಿತಲ್ಲ, ಒಳ್ಳೆಯದಾಯಿತು ಅಂದ. ಒಳ್ಳೆಯವರ ಜೊತೆ ಸಂಸಾರ ಮಾಡುವ ಕಷ್ಟ ಇದೇ. ನಾವು ಯಾಕೆ ಏನು ಮಾಡಿದೆವು ಎಂದು ಅವರಿಗೆ ಗೊತ್ತೇ ಆಗುವುದಿಲ್ಲ.

ಆ ವರ್ಷದ ಎಳ್ಳ ಅಮಾವಾಸ್ಯೆ ನನ್ನ ಹೊಲದಲ್ಲಿ ಎಂದು ನಾನು ಶ್ರಾವಣದಲ್ಲೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ಹಬ್ಬ ಹತ್ತಿರ ಬಂದಾಗ ಓಣಿಯ ವಾಟ್ಸಾಪ್ ಗ್ರೂಪಿನಲ್ಲಿ ಮಾತಾಡಿ ಕಳಿಸಿದೆ. ಈ ಸಲ ಚರಗ ನಮ್ಮ ಹೊಲದಾಗ, ಎಲ್ಲರೂ ಬರ್ರಿ, ಏನೂ ತರಬ್ಯಾಡ್ರಿ, ಎಲ್ಲ ನಂದೇ ಅಂತ. ಕಳಿಸಿ ನಾನೇ ಮತ್ತೊಮ್ಮೆ ಕೇಳಿದೆ. ದನಿ ಚೆನ್ನಾಗಿ ಬಂದಿತ್ತು. ಕೈ ಮುಗಿಯುವ ಚಿತ್ರಗಳು ಸಾಲಾಗಿ ಬಂದವು. ನೆಗೆಣಿಯೂ ಒಂದು ಕೈ ಮುಗಿದಿದ್ದಳು.

ಹಿಂದಿನ ದಿನ ಅಂಗಡಿಗೆ ಬಂದ ಮಾಲಿನಲ್ಲಿ ಒಂದೊಂದನ್ನೂ ನಾನೇ ಕೈಯಾಡಿಸಿ ಆರಿಸಿದೆ. ಬದನೆಯನ್ನು ತೊಟ್ಟು ನೋಡಿ ಆರಿಸಬೇಕು, ಹೊಳಪು ನೋಡಿ ಅಲ್ಲ. ತೊಟ್ಟು ಹಸಿರಿದ್ದರೆ ಕಾಯಿ ನಿನ್ನೆಯದು, ಒಣಗಿದ್ದರೆ ಅದರ ಪ್ರಯಾಣ ನಿಮ್ಮದಕ್ಕಿಂತ ದೊಡ್ಡದು. ಹುಳದ ಒಂದು ಚುಕ್ಕೆ ಇಲ್ಲದ ಅವರೆ, ಒಂದೇ ಅಳತೆಯ ತೊಗರಿಕಾಯಿ. ತವರೂರು ಕುರಕುಂಟಾದಿಂದ ಸಜ್ಜೆಹಿಟ್ಟು ತರಿಸಿದೆ. ಕಲಾಯಿ ಹಾಕಿಸಿದ ಹೊಸ ತಾಮ್ರದ ಗಡಿಗೆ ತಂದೆ. ಅಮಾವಾಸ್ಯೆಯ ಮುಂಜಾನೆ ಹೊಲದ ಬೇವಿನ ಮರದ ಕೆಳಗೆ ಗೋಣಿತಟ್ಟು, ಅದರ ಮೇಲೆ ಜಮಖಾನೆ ಹಾಸಿದೆ. ಓಣಿಯೆಲ್ಲ ಕೂತರೂ ಇನ್ನೊಂದು ಓಣಿ ಕೂರಬಹುದಾದಷ್ಟು ಜಾಗ.

ಹೊತ್ತು ಏರಿತು. ಬದುವಿನ ಮೇಲೆ ಜನ ಬರಲಿಕ್ಕೆ ಶುರುವಾಯಿತು. ಹೆಂಗಸರ ತಲೆಯ ಮೇಲೆ ಬುಟ್ಟಿ, ಸೆರಗಿನಲ್ಲಿ ಗಂಟು. ಬಂದವರು ನನ್ನ ಹೊಲದ ಕಡೆ ನೋಡಿ, ಒಂದು ನಗೆ ನಕ್ಕು, ನೆಗೆಣಿಯ ಹೊಲಕ್ಕೆ ಇಳಿದರು. ಮೊದಲನೆಯವರನ್ನು ನೋಡಿ, ಅವಳನ್ನು ಮಾತಾಡಿಸಿ ಬರುತ್ತಾರೆ ಅಂದುಕೊಂಡೆ. ಹಿಂದಿನವರನ್ನು ನೋಡಿ, ಕುಡಿಯುವ ನೀರಿಗೆ ಹೋಗಿರಬೇಕು ಅಂದುಕೊಂಡೆ. ಆಮೇಲೆ ಅಂದುಕೊಳ್ಳುವುದು ಬಿಟ್ಟೆ.

ಚರಗ ಚೆಲ್ಲಲೇಬೇಕಲ್ಲ. ಚೆಲ್ಲುವಾಗ ಮುಂದೆ ಹೋಗುವವನು ‘ಹುಲ್ಲುಲ್ಲಿಗೋ’ ಎಂದು ಕೂಗಬೇಕು, ಹಿಂದೆ ನೀರು ಚಿಮುಕಿಸುತ್ತ ಬರುವವರು ‘ಚಲ್ಲಂಬ್ರಿಗೋ’ ಎಂದು ಓ ಕೊಡಬೇಕು. ನನ್ನ ಗಂಡ ಮುಂದೆ, ನಾನು ಚೊಂಬು ಹಿಡಿದು ಹಿಂದೆ. ಅವನು ದೊಡ್ಡದಾಗಿ ಕೂಗಿದ. ಅವನ ದನಿ ಮೊದಲಿನಿಂದಲೂ ದೊಡ್ಡದು. ನಾನು ಬಾಯಿ ತೆರೆಯುವ ಮೊದಲೇ ಬದುವಿನ ಆಚೆಯಿಂದ ಇಡೀ ಓಣಿ ಓ ಕೊಟ್ಟಿತು. ಅವರು ತಮ್ಮ ಕೂಗಿಗೆ ಕೊಟ್ಟರೋ ನಮ್ಮದಕ್ಕೆ ಕೊಟ್ಟರೋ, ಎರಡೂ ಒಂದೇ ಹೊತ್ತಿಗೆ ಕೂಡಿತ್ತು. ನನ್ನ ಗಂಡನಿಗೆ ಖುಷಿಯಾಗಿ ಮತ್ತೂ ಜೋರಾಗಿ ಕೂಗಿದ. ಆಚೆ ಕಡೆಯವರಿಗೂ ಖುಷಿಯಾಯಿತು. ನನ್ನ ಹೊಲದ ಸುತ್ತು ಮುಗಿಯುವವರೆಗೆ ನನ್ನ ಪಾಲಿನ ಓ ಅವರೇ ಕೊಟ್ಟರು. ನಾನು ಬರೀ ನೀರು ಚಿಮುಕಿಸಿದೆ.

ಜಮಖಾನೆಯ ಮೇಲೆ ನಾವಿಬ್ಬರೇ ಕೂತೆವು. ತಾಮ್ರದ ಗಡಿಗೆಯಲ್ಲಿ ಬಜ್ಜಿ ಹೊಗೆಯಾಡುತ್ತಿತ್ತು. ಅಷ್ಟರಲ್ಲಿ ನೆಗೆಣಿ ಬದು ದಾಟಿ ಬಂದಳು. ಒಂದು ಕೈಯಲ್ಲಿ ತುಂಬಿದ ಬೋಗುಣಿ, ಇನ್ನೊಂದರಲ್ಲಿ ಖಾಲಿ ಬೋಗುಣಿ. ತುಂಬಿದ್ದನ್ನು ನನ್ನ ಮುಂದೆ ಇಟ್ಟಳು.

“ನಿನ್ ಗಡಿಗ್ಯಾಂದು ಇದರಾಗ ಒಂದಿಷ್ಟು ಹಾಕವ್ವಾ. ನಮ್ಮದ್ರಾಗ ಕೂಡಸ್ತೀನಿ,” ಅಂದಳು.

ಬೈದಿದ್ದರೆ ಬೈಯಬಹುದಿತ್ತು. ನಕ್ಕಿದ್ದರೆ ವರ್ಷಗಟ್ಟಲೆ ಮಾತು ಬಿಡಬಹುದಿತ್ತು. ಅವಳು ಎರಡೂ ಮಾಡಲಿಲ್ಲ. ಖಾಲಿ ಬೋಗುಣಿ ಹಿಡಿದು ನಿಂತಳು. ನಾನು ಸೌಟು ಸೌಟು ಹಾಕಿದೆ. ಅವಳು ಹೋದ ಮೇಲೆ ಅವಳ ಬಜ್ಜಿಯ ಒಂದು ತುತ್ತು ಬಾಯಿಗೆ ಇಟ್ಟೆ. ಹುಳ ಬಿದ್ದ ಬದನೆ ಕೊಯ್ದು ಹಾಕಿದ್ದು, ಬಲಿತ ಅವರೆ, ಅರ್ಧ ಕಹಿ ಮೆಂತ್ಯೆ, ಯಾರದೋ ಹಿತ್ತಿಲಿನ ಹುಳಿ ಪುಂಡಿಪಲ್ಯೆ, ಎಲ್ಲ ಬೇರೆ ಬೇರೆ ವಯಸ್ಸಿನವು. ಅಂಗಡಿಯಲ್ಲಾಗಿದ್ದರೆ ಅಂಥ ಮಾಲನ್ನು ನಾನು ಒಳಗೇ ಬಿಡುತ್ತಿರಲಿಲ್ಲ. ನನ್ನದಕ್ಕಿಂತ ರುಚಿಯಾಗಿತ್ತು. ಸುಳ್ಳು ಹೇಳಿ ಏನು ಪ್ರಯೋಜನ, ಬೋಗುಣಿ ಬಳಿದು ಉಂಡೆ. ಉಂಡಷ್ಟೂ ಉರಿಯಿತು.

ಯಾರೂ ಯಾಕೆ ಬರಲಿಲ್ಲ ಎಂದು ಕೇಳಲಿಕ್ಕೆ ನನಗೆ ಬಾಯಿ ಬರಲಿಲ್ಲ. ಕೇಳದೆ ಇರಲಿಕ್ಕೂ ಆಗಲಿಲ್ಲ. ಓಣಿಯ ತುದಿಯಲ್ಲಿ, ಹೊಳೆಗೆ ಮೊದಲ ಮನೆಯಲ್ಲಿ, ಎಲ್ಲರಿಗೂ ಹಿರಿಯಳಾದ ಒಬ್ಬ ಮುದುಕಿ ಇದ್ದಾಳೆ. ನಾವೆಲ್ಲ ಅವಳನ್ನು ಆಯಿ ಅನ್ನುತ್ತೇವೆ. ಅವಳಿಗೆ ಎಳೆ ಸವತೆಕಾಯಿ ಇಷ್ಟ. ಒಂದು ಚೀಲ ಒಯ್ದು ಅವಳ ಕಟ್ಟೆಯ ಮೇಲೆ ಇಟ್ಟು, ಅವಳ ಕಣ್ಣಿನ ಪೊರೆಯ ಮಾತು ತೆಗೆದೆ. ಆಯಿ ವ್ಯಾಪಾರದಲ್ಲಿ ನನಗಿಂತ ಹಳಬಳು. ಸವತೆಕಾಯಿ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು ನೇರ ಕೇಳಿದಳು.

“ಚರಗಕ್ಕ ಬರ್ಲಿಲ್ಲಂತ ಸಿಟ್ಟು ಬಂದದ ಏನ್?”

ಸಿಟ್ಟಿಲ್ಲ ಆಯಿ, ಬೇಜಾರು ಅಂದೆ.

“ನೀನೇ ಬ್ಯಾಡಂದಿ, ಹ್ಯಾಂಗ ಬರ್ಬೇಕು? ಏನೂ ತರಬ್ಯಾಡ್ರಿ ಅಂದಿ. ಬರೀ ಕೈಲೆ ಯಾರರೆ ಭೂಮಿತಾಯಿ ಬಲ್ಲಿ ಹೋಗ್ತಾರೇನು? ಹೊಲ ಇಲ್ದೋರು ನಾವು. ನಂ ಹಿತ್ತಲದ್ದು ಒಂದ್ ಹಿಡಿ ಆ ಗಡಿಗ್ಯಾಗ ಬಿದ್ರ, ಅವತ್ತೊಂದು ದಿನ ನಂದೂ ಹೊಲ ಅದ ಅಂದಂಗ. ನಿಂ ಬಲ್ಲಿ ಬಂದು ಉಂಡ್ರ, ಉಂಡಂಗಷ್ಟೇ.”

ಅಷ್ಟು ಹೇಳಿ ಇನ್ನೊಂದು ಸವತೆಕಾಯಿ ಮುರಿದಳು. ನಾನು ಎದ್ದು ಬಂದೆ. ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ನೆಗೆಣಿಯ ಹೊಲಕ್ಕೆ ಅಷ್ಟು ವರ್ಷ ಹೋದವಳು ನಾನು. ಪ್ರತಿ ಸಲ ನನ್ನ ಅಂಗಡಿಯಿಂದ ಬುಟ್ಟಿ ತುಂಬ ಒಯ್ದು ಬದುವಿನ ಮೇಲೆ ಇಟ್ಟವಳು. ಅದನ್ನು ನಾನು ದೊಡ್ಡಸ್ತಿಕೆ ಅಂದುಕೊಂಡಿದ್ದೆ. ಅವಳು ಅದನ್ನು ಎಲ್ಲರ ಹಿಡಿಯ ಹಾಗೆ ಒಂದು ಹಿಡಿಯಾಗಿಯೇ ತೆಗೆದುಕೊಂಡು, ಉಳಿದದ್ದನ್ನು ಬುಟ್ಟಿಯಲ್ಲೇ ವಾಪಸು ಕಳಿಸುತ್ತಿದ್ದಳು. ಜಿಪುಣಿ, ತೆಗೆದುಕೊಳ್ಳಲಿಕ್ಕೂ ಬರುವುದಿಲ್ಲ ಎಂದು ನಾನು ಗಂಡನ ಮುಂದೆ ಆಡಿಕೊಂಡಿದ್ದೆ.

ಮುಂದಿನ ವರ್ಷ ತಡ ಮಾಡಲಿಲ್ಲ. ದೀಪಾವಳಿಯ ದೀಪ ಆರುವ ಮೊದಲೇ ಓಣಿಯಲ್ಲಿ ಮನೆಮನೆ ತಿರುಗಿದೆ. ಪೇಟೆಯಲ್ಲಿ ಗಾಡಿಗಟ್ಟಲೆ ಮಾಲು ಇಳಿಸುವವಳು ಬಾಗಿಲಲ್ಲಿ ನಿಂತು, ನಿಮ್ಮ ಹಿತ್ತಿಲಿನ ಒಂದು ಹಿಡಿ ಅವರೆ ನನ್ನ ಗಡಿಗೆಗೆ ಬೇಕು ಎಂದು ಕೇಳಬೇಕು. ಮಾರುವಾಗ ಚೌಕಾಶಿ ಗೊತ್ತು, ಕೊಳ್ಳುವಾಗ ಗೊತ್ತು, ಬೇಡುವಾಗಿನದು ಕಲಿತಿರಲಿಲ್ಲ. ಮೊದಲ ಮನೆಯಲ್ಲಿ ನಾಲಿಗೆ ತಡವರಿಸಿತು. ಆ ಮನೆಯ ಹೆಂಗಸು, ನಮ್ಮ ಅವರೆಕಾಯಿ ನಿಮ್ಮ ಅಂಗಡಿಯದರ ಹಾಗೆ ಇರೋದಿಲ್ಲವ್ವಾ ಎಂದು ಕುಟುಕಿದಳು. ಅದಕ್ಕೇ ಬೇಕು ಅಂದೆ. ಅವಳ ಮುಖ ಸಡಿಲಾಯಿತು. ಆ ಮಾತು ನಡೆಯುತ್ತದೆ ಎಂದು ಗೊತ್ತಾದ ಮೇಲೆ ಉಳಿದ ಮನೆಗಳಲ್ಲೂ ಅದನ್ನೇ ನಡೆಸಿದೆ. ಆಯಿ ಬೋರೆಹಣ್ಣು ಕೊಡುತ್ತೇನೆ ಅಂದಳು. ಕೊನೆಗೆ ಒಂದೇ ಮನೆ ಉಳಿಯಿತು.

ನೆಗೆಣಿ ಅಂಗಳದಲ್ಲಿ ತೊಗರಿಬೇಳೆ ಕೇರುತ್ತಿದ್ದಳು. ನಾನು ಹೇಳಿ ಮುಗಿಸುವವರೆಗೆ ಮೊರ ನಿಲ್ಲಲಿಲ್ಲ. ಅವಳ ಹೊಲದ ಒಂದು ಹಿಡಿ ಇಲ್ಲದಿದ್ದರೆ ಓಣಿ ಅರ್ಧ ಮನಸ್ಸಿನಿಂದ ಬರುತ್ತದೆ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

“ಹಿಡಿ ಕೊಡ್ತೀನಿ. ಖರೆ, ಸೌಟು ಯಾರ ಕೈಯಾಗ?” ಅಂದಳು.

ನೋಡಿ, ಇದು ಚೌಕಾಶಿ. ಇಷ್ಟು ವರ್ಷ ಇವಳಿಗೆ ಬರುವುದಿಲ್ಲ ಅಂದುಕೊಂಡಿದ್ದೆ. ಗಡಿಗೆ ನನ್ನದು, ಮರ ನನ್ನದು, ‘ಬರ್ರಿ, ಕುಂದ್ರಿ’ ಅನ್ನುವವಳು ನಾನು, ಸೌಟು ನಿನ್ನದು ಅಂದೆ. ಅವಳು, ಮುಂದಿನ ವರ್ಷ ನನ್ನ ಹೊಲ, ಆಗ ಸೌಟು ನಿನ್ನದು ಅಂದಳು. ಒಂದು ವರ್ಷ ಬಿಟ್ಟು ಒಂದು ವರ್ಷ ಎಂದು ತೀರ್ಮಾನವಾಯಿತು. ಮನೆಗೆ ಬರುವಾಗ, ನಾನೇ ಹೆಚ್ಚು ಗೆದ್ದೆ ಅನ್ನಿಸಿತ್ತು.

ಆ ಅಮಾವಾಸ್ಯೆಗೆ ಓಣಿ ನನ್ನ ಹೊಲಕ್ಕೆ ಬಂತು. ಬುಟ್ಟಿ, ಗಂಟು, ಸೆರಗಿನ ಚುಂಗು, ಎಲ್ಲ ನನ್ನ ಗಡಿಗೆಯ ಮುಂದೆ ಬಿಚ್ಚಿಕೊಂಡವು. ನಾನು ಬದುವಿಗೆ ನಿಂತು ಒಬ್ಬೊಬ್ಬರಿಗೂ ‘ಬರ್ರಿ, ಕುಂದ್ರಿ’ ಅಂದೆ. ಅಷ್ಟು ವರ್ಷ ಗಂಟಲಲ್ಲಿ ಸಿಕ್ಕಿದ್ದ ಮಾತು ಸಲೀಸಾಗಿ ಹೊರಗೆ ಬಂತು. ಚರಗ ಚೆಲ್ಲುವಾಗ ಓ ಕೊಟ್ಟದ್ದು ನನ್ನ ಹಿಂದೆಯೇ ನಡೆದ ಜನ. ಜಮಖಾನೆ ಸಾಲಲಿಲ್ಲ, ಕಡಲೆ ಹೊಲದ ಅಂಚಿನಲ್ಲಿ ಕೂತು ಉಂಡರು. ಉಂಡು ಕೈ ನೆಕ್ಕುತ್ತ ಒಬ್ಬಳು ಅಂದಳು, ಅಕ್ಕನ ಕೈ ಅಂದ್ರ ಅಕ್ಕನ ಕೈ, ಗಡಿಗಿ ಯಾರ್ದಾದ್ರೇನು. ಸುತ್ತ ಕೂತವರು ಹೌದೌದು ಅಂದರು. ನೆಗೆಣಿ ತಲೆ ಎತ್ತದೆ ಸೌಟು ತಿರುಗಿಸಿದಳು. ತಲೆ ಎತ್ತದೆ ನಗಲಿಕ್ಕೆ ಅವಳಿಗೆ ಬರುತ್ತದೆ.

ಊಟ ಮುಗಿದ ಮೇಲೆ ನೀರಿನ ದಡದಲ್ಲಿ ಕಾಲು ಇಳಿಬಿಟ್ಟು ಕೂರುವುದು ರೂಢಿ. ಸುಲಗಾಯಿ, ಅಂದರೆ ಹಸಿಕಡಲೆಯ ಸುಟ್ಟ ಕಾಯಿ, ಸುಲಿಯುತ್ತ ಹೊತ್ತು ಮುಳುಗುವವರೆಗೆ ಮಾತು. ಎಲ್ಲರೂ ಎದ್ದರು, ಸೆರಗು ಜಾಡಿಸಿದರು, ಬದು ದಾಟಿ ನೆಗೆಣಿಯ ಹೊಲಕ್ಕೆ ಹೋದರು. ಆಗ ನೋಡಿದೆ. ಮೊದಲು ಹೇಳಿದೆನಲ್ಲ, ಹೊಲ ಕೊಳ್ಳುವಾಗ ಒಂದನ್ನು ನೋಡಲಿಲ್ಲ ಎಂದು. ಅವಳ ಹೊಲದಲ್ಲಿ ದಂಡೆ ಮೆಲ್ಲಗೆ ಜಾರಿ ನೀರಿಗೆ ಇಳಿಯುತ್ತದೆ. ನನ್ನದರಲ್ಲಿ ಆಳೆತ್ತರದ ದರಿ, ಗೋಡೆಯ ಹಾಗೆ ಕಡಿದು ನಿಂತ ದಡ. ಮೇಲೆ ನಿಂತರೆ ನೀರು ಕಾಣುತ್ತದೆ, ಮುಟ್ಟಲಿಕ್ಕೆ ಸಿಗುವುದಿಲ್ಲ. ಮಳೆಯ ಮರುದಿನ ನೆಲ ನೋಡಿದವಳು ಹೊಳೆಗೆ ಬೆನ್ನು ಮಾಡಿ ನೋಡಿದ್ದೆ.

ನಾನು ದರಿಯ ಮೇಲೆ ನಿಂತು ಅವರ ನಗು ಕೇಳಿದೆ. ಅಮಾವಾಸ್ಯೆಯಿಂದ ಸಂಕ್ರಾಂತಿಗೆ ಹೆಚ್ಚು ದಿನ ಇರಲಿಲ್ಲ. ಸಂಕ್ರಾಂತಿಯಂದು ಓಣಿಯೆಲ್ಲ ಎಳ್ಳು ಅರಶಿನ ಅರೆದು ಮೈಗೆ ಹಚ್ಚಿಕೊಂಡು ಹೊಳೆಯಲ್ಲಿ ಮೀಯುತ್ತದೆ. ಮರುದಿನವೇ ರಾವೂರಿನ ಕಲ್ಲಿನವನಿಗೆ ಫೋನ್ ಮಾಡಿದೆ. ಬಣ್ಣ ನೋಡಿ ಪರಸಿ ಕೊಳ್ಳಬೇಡಿ, ಬೆರಳ ಗೆಣ್ಣಿನಿಂದ ಬಡಿದು ನೋಡಿ. ಗಂಟೆಯ ಹಾಗೆ ದನಿ ಬಂದರೆ ನೀರಲ್ಲಿ ನಿಲ್ಲುತ್ತದೆ, ಪೊಳ್ಳು ದನಿ ಬಂದರೆ ಪದರು ಬಿಡುತ್ತದೆ. ಒಂದೊಂದನ್ನೂ ಬಡಿದು ಆರಿಸಿ, ದರಿ ಕಡಿಸಿ, ನೀರಿನವರೆಗೆ ಮೆಟ್ಟಿಲು ಹಾಸಿಸಿದೆ. ಕಾಗಿಣಾ ದಂಡೆಯಲ್ಲಿ ಅಂಥ ಮೆಟ್ಟಿಲು ಇನ್ನೊಂದಿಲ್ಲ.

ಸಂಕ್ರಾಂತಿಗೆ ಜನ ಬಂದರು. ಕೆಸರಿಲ್ಲದೆ ನೀರಿಗೆ ಇಳಿಯುವುದು ಯಾರಿಗೆ ಬೇಡ? ಮಕ್ಕಳು ಮೆಟ್ಟಿಲಿನಿಂದ ನೀರಿಗೆ ಹಾರಿದರು, ಹೆಂಗಸರು ಬಿಸಿಲಿಗೆ ಕಾದ ಪರಸಿಯ ಮೇಲೆ ಕೂತು ಕೂದಲು ಒಣಗಿಸಿದರು. ಆಯಿಯನ್ನು ಇಬ್ಬರು ಹಿಡಿದು ಇಳಿಸಿದರು. ಎಷ್ಟೋ ವರ್ಷದ ಮೇಲೆ ಅವಳು ಹೊಳೆಯಲ್ಲಿ ಕಾಲಿಟ್ಟದ್ದು. ಆಚೆಯ ಇಳಿಜಾರಿನಲ್ಲಿ ಒಬ್ಬರೂ ಇರಲಿಲ್ಲ. ನೆಗೆಣಿಯೂ ಇಲ್ಲಿಗೇ ಬಂದಳು. ಮಿಂದು, ಒದ್ದೆ ಸೀರೆಯಲ್ಲೇ ಮೇಲಿನ ಮೆಟ್ಟಿಲಿನ ಮೇಲೆ ಕೂತು, ಅಂಗೈಯಿಂದ ಕಲ್ಲನ್ನು ಸವರಿದಳು. ಏನಾದರೂ ಹೇಳಲಿ ಎಂದು ನಾನು ಹತ್ತಿರದಲ್ಲೇ ಸೆರಗು ಹಿಂಡುತ್ತ ನಿಂತೆ.

“ಭಾಳ ಚಲೋ ಮಾಡೀದಿ,” ಅಂದಳು. ಕೂದಲು ಹಿಂಡಿಕೊಂಡು, “ಮ್ಯಾಲಿನ ಮೆಟ್ಟಲ ಜರಾ ಅಗಲ ಇರ್ಬೇಕಿತ್ತು. ಇಬ್ರು ಕುಂತ್ರ ಮೊಣಕಾಲ್ ತಾಕ್ತಾವ.”

ಮರುದಿನ ಯಾರೂ ಇಲ್ಲದಾಗ ಹೋಗಿ ಕೂತು ನೋಡಿದೆ. ಪಕ್ಕದಲ್ಲಿ ನನ್ನ ಗಂಡನನ್ನೂ ಕೂರಿಸಿದೆ. ಮೊಣಕಾಲು ತಾಕಿದವು. ಇರಲಿ ಬಿಡು, ತಾಕಿದರೇನು, ಅಂದ ಅವನು. ಅವನಿಗೆ ಇದೆಲ್ಲ ಎಲ್ಲಿ ತಿಳಿಯಬೇಕು. ಕಲ್ಲಿನವನಿಗೆ ಮತ್ತೆ ಫೋನ್ ಮಾಡಿದ್ದೇನೆ. ಬರುವ ಎಳ್ಳ ಅಮಾವಾಸ್ಯೆ ಅವಳ ಹೊಲದ ಸರದಿ, ಅಲ್ಲಿ ಉಂಡವರು ಕಾಲು ಇಳಿಬಿಡಲಿಕ್ಕೆ ನನ್ನ ಕಡೆ ಬರಬೇಕು, ಅಷ್ಟರೊಳಗೆ ಮೇಲಿನ ಮೆಟ್ಟಿಲು ಅಗಲವಾಗಬೇಕು.